ಎರಡನೆಯ ಸಹಿ

ಅಯ್ಯಣ್ಣ ಮಾರ್ಚ್ ಹನ್ನೊಂದರ ಮಂಗಳವಾರ ತೀರಿಕೊಂಡರು. ದೆಹಲಿಯ ಜನಕಪುರಿಯ ಮನೆಯಲ್ಲಿ, ಬೆಳಿಗ್ಗೆ ಹತ್ತೂವರೆ ಹನ್ನೊಂದರ ನಡುವೆ. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ಅರವತ್ತಮೂರು ವರ್ಷ.

ಕೊಡಗಿನಲ್ಲಾಗಿದ್ದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು ಎಂದು ಅವರ ಹೆಂಡತಿ ಮಾಚಮ್ಮ ಹೇಳಿದರು. ಇಲ್ಲಿ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ನಾನೇ ಸುದ್ದಿ ಹಾಕಿದೆ. ಒಂದು ಗಂಟೆಯೊಳಗೆ ಎಪ್ಪತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಅದರಲ್ಲಿ ಹಂಸಿನಿಯದೂ ಒಂದು. ಅವಳು ಪಕ್ಕದಲ್ಲಿ ಒಂದು ದೀಪವನ್ನೂ ಹಾಕಿದ್ದಳು. ಶವ ಎತ್ತುವಾಗ ಬರಲಿಲ್ಲ.

ಕೂಟದ ಈ ವರ್ಷದ ಸಂಚಿಕೆಗೆ ಅಯ್ಯಣ್ಣನವರ ಬಗ್ಗೆ ಬರೆದುಕೊಡಿ ಎಂದು ಅಧ್ಯಕ್ಷ ಗುಂಡಣ್ಣ ಕೇಳಿದರು. "ಒಳ್ಳೆ ಮಾತು ನಾಲ್ಕು ಬರೀರಿ ಶೆಟ್ರೇ, ಒಂದು ಪುಟ ಸಾಕು" ಎಂದರು. ಒಂದು ಪುಟದಲ್ಲಿ ಮುಗಿಯುವುದಿಲ್ಲ. ಅವರು ಕೆಲಸ ಮಾಡಿದ ವಿಶ್ವವಿದ್ಯಾಲಯದ ಹೆಸರು ಬರೆಯಬೇಡಿ ಎಂದು ಮಾಚಮ್ಮ ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಹಂಸಿನಿಯ ಹೆಸರೂ ಬೇಡ ಎಂದರು. ಆ ಮಾತನ್ನು ಮಾತ್ರ ನಾನು ಕೇಳಲಿಲ್ಲ.

ಜನಕಪುರಿಯಲ್ಲಿ ನನ್ನದೊಂದು ಹೋಟೆಲು. ಇಪ್ಪತ್ತನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ನೆಟ್ಟಗೆ ಕೂತು ಇಡ್ಲಿ ತಿನ್ನುತ್ತಿದ್ದ ಒಬ್ಬರು, ಕೈ ತೊಳೆದು ಬಂದು, ದುಡ್ಡಿನ ಗಲ್ಲೆಯ ಹತ್ತಿರ ನಿಂತು ಹೇಳಿದರು: "ನಿಮ್ಮ ಗ್ರೈಂಡರಿನ ಬೇರಿಂಗ್ ಹೋಗಿದೆ. ಇನ್ನು ಮೂರು ದಿನ."

ಗ್ರೈಂಡರು ಒಳಗಿತ್ತು. ಅವರು ಅದನ್ನು ನೋಡಿಯೂ ಇರಲಿಲ್ಲ. ಎರಡನೇ ದಿನಕ್ಕೆ ಅದು ನಿಂತಿತು. ಸಂಜೆ ಅವರು ಮತ್ತೆ ಬಂದಾಗ ನಾನು ಕೆಣಕಿದೆ: "ಮೂರು ಅಂದಿರಿ, ಎರಡಕ್ಕೇ ಹೋಯಿತಲ್ಲ ಮಾರಾಯ್ರೇ."

"ನೀವು ಉದ್ದು ಜಾಸ್ತಿ ಹಾಕಿದ್ರಿ" ಎಂದರು, ನಗದೆ.

ಅವರೇ ಬೇರಿಂಗ್ ಬದಲಿಸಿದರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ರೇಡಾರ್ ರಿಪೇರಿ ಮಾಡಿ, ಸಾರ್ಜೆಂಟ್ ಆಗಿ ನಿವೃತ್ತರಾಗಿ, ಆಗಷ್ಟೇ ಜನಕಪುರಿಗೆ ಬಂದಿದ್ದರು. ಕೆಲಸ ಮುಗಿದ ಮೇಲೆ ಚೀಲದಿಂದ ಒಂದು ರಿಜಿಸ್ಟರ್ ತೆಗೆದರು. ಗೆರೆ ಎಳೆದ ಪುಟ: ದಿನ, ಸಮಯ, ಮಾಡಿದ ಕೆಲಸ, ಮಾಡಿದವರು, ಪರಿಶೀಲಿಸಿದವರು. ತಮ್ಮ ಸಹಿ ಹಾಕಿ, ರಿಜಿಸ್ಟರನ್ನು ನನ್ನ ಕಡೆಗೆ ತಿರುಗಿಸಿ, ಅದರ ಮೇಲೆ ಪೆನ್ನು ಅಡ್ಡ ಇಟ್ಟರು.

"ನಾನೇನು ಪರಿಶೀಲಿಸೋದು? ನನಗೆ ಬೇರಿಂಗೂ ಗೊತ್ತಿಲ್ಲ ಗೀರಿಂಗೂ ಗೊತ್ತಿಲ್ಲ."

"ತಿರುಗ್ತಾ ಇದೆಯಾ? ಸದ್ದಿಲ್ಲ ತಾನೇ? ಅಷ್ಟು ನೋಡಿ ಸಹಿ ಹಾಕಿ. ಮಾಡಿದವನೊಬ್ಬನೇ ಸಹಿ ಹಾಕಿದರೆ ಅದು ಕೆಲಸ ಅಲ್ಲ ಶೆಟ್ರೇ, ಗುಟ್ಟು."

ಪಡೆಯಲ್ಲಿ ಹಾಗೆ ಕ್ರಮವಂತೆ. ಒಂದು ಸ್ಕ್ರೂ ತಿರುಗಿಸಿದರೂ ತಿರುಗಿಸಿದವನದೊಂದು ಸಹಿ, ನೋಡಿದವನದೊಂದು ಸಹಿ. ಅವರು ಪಡೆಯನ್ನು ಬಿಟ್ಟರೂ ಆ ಕ್ರಮವನ್ನು ಬಿಡಲಿಲ್ಲ. ಕೂಟದ ಮೈಕ್‌ಸೆಟ್ಟಿನ ವೈರು ಬದಲಿಸಿದರೂ ಗುಂಡಣ್ಣ ಸಹಿ ಹಾಕಬೇಕು. ಮನೆಯ ಗೀಸರ್ ರಿಪೇರಿಗೆ ಮಾಚಮ್ಮ ಸಹಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಮದುವೆ ರಿಜಿಸ್ಟರಿಗೆ ಒಂದೇ ಸಹಿ ಹಾಕಿದ್ದು, ಈ ಮನುಷ್ಯನ ರಿಜಿಸ್ಟರಿಗೆ ಇನ್ನೂರಾಗಿರಬಹುದು" ಎಂದು ಅವರು ಹೇಳುತ್ತಿದ್ದರು.

ಅದೇ ವರ್ಷ ಅವರಿಗೆ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ, ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ದಿನಗಟ್ಟಲೆ, ವಾರಗಟ್ಟಲೆ ನಡೆಯುವ ವಿದ್ಯಾರ್ಥಿಗಳ ಲೆಕ್ಕಗಳು ಅಲ್ಲಿನ ಯಂತ್ರಗಳಲ್ಲಿ ಓಡುತ್ತಿದ್ದವು. ಕೋಣೆ ಸದಾ ತಣ್ಣಗಿರಬೇಕಿತ್ತು. ದೆಹಲಿಯ ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ನಲವತ್ತರ ಮೇಲೆ ಅವರು ಪ್ರೋಗ್ರಾಮ್ ಓದುವುದನ್ನು ಕಲಿತರು. ಅದು ಅವರ ಕೆಲಸದಲ್ಲಿ ಸೇರಿರಲಿಲ್ಲ. "ಯಂತ್ರ ಯಾಕೆ ಬಿಸಿಯಾಗ್ತಿದೆ ಅಂತ ಗೊತ್ತಾಗಬೇಕಾದರೆ ಅದು ಏನು ಯೋಚಿಸ್ತಿದೆ ಅಂತ ಗೊತ್ತಿರಬೇಕು" ಎನ್ನುತ್ತಿದ್ದರು.

ಹಂಸಿನಿಯನ್ನು ಅವರಿಗೆ ಪರಿಚಯ ಮಾಡಿಸಿದವನು ನಾನು. ಅವಳ ತಂದೆ ದಾವಣಗೆರೆಯವರು, ಇಲ್ಲಿ ಕೇಂದ್ರ ಸರ್ಕಾರದ ನೌಕರಿ, ನಮ್ಮ ಹಿಂದಿನ ಬ್ಲಾಕಿನಲ್ಲಿ ಮನೆ. ಹುಡುಗಿ ಶಾಲೆಯಿಂದ ನೇರ ನನ್ನ ಹೋಟೆಲಿಗೆ ಬಂದು ಬನ್ಸ್ ತಿಂದು ಬೆಳೆದವಳು. ಎರಡು ಸಾವಿರದ ಹದಿನಾಲ್ಕರಲ್ಲಿ ಅದೇ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿದಳು. "ಅಯ್ಯಣ್ಣ, ನಮ್ಮ ಮಗು, ಸ್ವಲ್ಪ ನೋಡಿಕೊಳ್ಳಿ" ಎಂದು ಕೈಹಿಡಿದು ಒಪ್ಪಿಸಿದೆ. ಅವರಿಗೆ ಮಕ್ಕಳಿರಲಿಲ್ಲ. ಆರು ತಿಂಗಳಲ್ಲಿ ಅವಳು ಭಾನುವಾರಗಳನ್ನು ಅವರ ಮನೆಯಲ್ಲೇ ಕಳೆಯತೊಡಗಿದಳು. ಮಾಚಮ್ಮ ಮಾಡುವ ‘ಅಕ್ಕಿ ಒಟ್ಟಿ’ ಎಂಬ ಕೊಡಗಿನ ರೊಟ್ಟಿಗೆ ಅವಳು ಹಾಕಿಕೊಳ್ಳುತ್ತಿದ್ದ ಬೆಣ್ಣೆಯನ್ನು ನೋಡಿ ಅಯ್ಯಣ್ಣ "ರೇಡಾರಿಗೂ ಇಷ್ಟು ಗ್ರೀಸ್ ಹಾಕ್ತಿರಲಿಲ್ಲ" ಎನ್ನುತ್ತಿದ್ದರು.

ತನ್ನ ಸಂಶೋಧನೆಯ ವಿಷಯವನ್ನು ಅವಳು ನನಗೆ ಹೋಟೆಲಿನ ಮೇಜಿನಲ್ಲಿ ಕೂತೇ ತಿಳಿಸಿದಳು.

"ಶೆಟ್ಟಿ ಅಂಕಲ್, ಬ್ಲ್ಯಾಕ್ ಹೋಲ್ ಗೊತ್ತಲ್ಲ? ಒಳಗೆ ಹೋದದ್ದು ವಾಪಸ್ ಬರಲ್ಲ. ಲೇಕಿನ್ ಅದು ಬ್ಲ್ಯಾಕ್ ಹೋಲೇ ಅಂತ ನಮಗೆ ಹೇಗೆ ಗೊತ್ತು? ಅಷ್ಟೇ ಭಾರ, ಹತ್ತಿರ ಹತ್ತಿರ ಅಷ್ಟೇ ಚಿಕ್ಕದು, ಆದ್ರೆ ಒಳಗೆ ಬಾಗಿಲಿನ ಬದಲು ಗೋಡೆ ಇರೋ ವಸ್ತು ಇರಬಹುದಲ್ಲ? ದೂರದಿಂದ ನೋಡಿದ್ರೆ ಎರಡೂ ಏಕ್‌ದಮ್ ಒಂದೇ."

"ಗೋಡೆ ಇದ್ದರೆ ಏನಾಗ್ತದೆ?"

"ವಹೀ ತೋ, ಅದೇ ಮತ್ತೆ! ಹೋದ ಅಲೆ ಗೋಡೆಗೆ ತಾಗಿ ವಾಪಸ್ ಬರುತ್ತೆ. ಅಂಥ ವಸ್ತು ಜೋರಾಗಿ ತಿರುಗ್ತಿದ್ರೆ ಉಳಿಯುತ್ತಾ, ಇಲ್ಲಾ ತನ್ನನ್ನು ತಾನೇ ಹಾಳು ಮಾಡ್ಕೊಳ್ಳುತ್ತಾ? ಅದು ನನ್ನ ಥೀಸಿಸ್."

ಅವಳು ಹೋದ ಮೇಲೆ ಅಯ್ಯಣ್ಣ ನನಗೆ ಅದನ್ನೇ ತಮ್ಮ ಭಾಷೆಯಲ್ಲಿ ಹೇಳಿದರು. ಅಷ್ಟು ಬಿಗಿಯಾದ ವಸ್ತು ಜೋರಾಗಿ ತಿರುಗಿದರೆ ಸುತ್ತಲಿನ ಜಾಗವನ್ನೂ ತನ್ನ ಜೊತೆ ಎಳೆದುಕೊಂಡು ತಿರುಗುತ್ತದೆ. ಅಲ್ಲಿಗೆ ಬಿದ್ದ ಅಲೆ ಆ ತಿರುಗಾಟದಿಂದ ಒಂದಿಷ್ಟು ಬಲ ಕದ್ದು ದೊಡ್ಡದಾಗುತ್ತದೆ. ಒಳಗೆ ಗೋಡೆ, ಹೊರಗೆ ಅದರದ್ದೇ ಸೆಳೆತದ ಬೇಲಿ. ಅಲೆ ನಡುವೆ ಸಿಕ್ಕಿಬಿದ್ದು ಹೋಗಿ ಬಂದು, ಹೋಗಿ ಬಂದು, ಪ್ರತಿ ಸಲವೂ ಒಂದು ಚೂರು ಬೆಳೆಯುತ್ತದೆ. "ಮೈಕನ್ನು ಸ್ಪೀಕರಿನ ಎದುರು ಹಿಡಿದ ಹಾಗೆ ಶೆಟ್ರೇ. ಕೂಗಿಕೊಳ್ಳುತ್ತದೋ ಇಲ್ಲವೋ, ಅದೇ ಪ್ರಶ್ನೆ. ಕೂಗಿಕೊಂಡರೆ ಅಂಥ ವಸ್ತು ಬಹಳ ಕಾಲ ಬಾಳುವುದಿಲ್ಲ. ಹಾಗಾದರೆ ಆಕಾಶದಲ್ಲಿ ಜೋರಾಗಿ ತಿರುಗುತ್ತಿರುವುದೆಲ್ಲ ನಿಜವಾದ ಕಪ್ಪುರಂಧ್ರವೇ ಅಂತಾಯಿತು."

ಎರಡು ವರ್ಷ ಅವಳ ಲೆಕ್ಕ ದಡ ಹತ್ತಲಿಲ್ಲ. ಅಂಕಿಗಳು ಒಂದಷ್ಟು ದೂರ ಸುಮ್ಮನೆ ಹೋಗಿ, ಆಮೇಲೆ ಬೆಳೆದು ಬೆಳೆದು ಯಂತ್ರ ಕೈಚೆಲ್ಲುತ್ತಿತ್ತು. ಲೆಕ್ಕ ಸಿಡಿಯಿತು ಎನ್ನುತ್ತಿದ್ದರು. ಗೋಡೆಯ ಹತ್ತಿರ ಲೆಕ್ಕ ಒರಟಾಗಿದೆ, ಅದಕ್ಕೇ ಹೀಗೆ ಎಂದು ಅವಳ ಗೈಡ್ ಹೇಳಿದರಂತೆ. ಎರಡು ಸಾವಿರದ ಹದಿನಾರರ ಆಗಸ್ಟಿನ ಒಂದು ಸಂಜೆ ನನ್ನ ಹೋಟೆಲಿನ ಮೂಲೆಯ ಮೇಜಿನಲ್ಲಿ ಅಯ್ಯಣ್ಣನವರ ಎದುರು ಕೂತು ಅತ್ತಳು. ಫೆಲೋಶಿಪ್ಪಿಗೆ ಇನ್ನು ಒಂದೇ ವರ್ಷ ಉಳಿದಿತ್ತು.

"ಅಯ್ಯಣ್ಣ ಅಂಕಲ್, ಪ್ಲೀಸ್, ಕುಛ್ ಭೀ ಕರೋ, ಏನಾದ್ರೂ ಮಾಡಿ. ಆ ಕೊಳಕನ್ನ ತೆಗೆದುಬಿಡಿ."

"ತೆಗೀಬಹುದು ಮಗಾ. ರೇಡಾರಿನಲ್ಲಿ ಮಳೆ, ಹಕ್ಕಿ, ಗುಡ್ಡ ಎಲ್ಲ ಕಾಣುತ್ತೆ. ಫಿಲ್ಟರ್ ಹಾಕಿ ಅದನ್ನೆಲ್ಲ ಅಳಿಸಿದರೆ ವಿಮಾನ ಮಾತ್ರ ಉಳಿಯುತ್ತೆ. ಗೋಡೆ ಹತ್ತಿರ ಹಾಗೊಂದು ಹಾಕೋಣ. ಆದರೆ ನಿನ್ನ ಗೈಡಿಗೆ ಹೇಳು."

"ಹೇಳ್ತೀನಿ ಅಂಕಲ್, ಪಕ್ಕಾ."

ಈ ಮಾತು ಆಡುವಾಗ ನಾನು ಅವರ ಮೇಜಿಗೆ ಕಾಫಿ ತಂದು ಇಡುತ್ತಿದ್ದೆ. ನನ್ನ ಕಿವಿಯಾರೆ ಕೇಳಿದ್ದೇನೆ.

ಫಿಲ್ಟರ್ ಹಾಕಿದರು. ಲೆಕ್ಕ ಸಿಡಿಯಲಿಲ್ಲ. ತಿರುಗುವ ಆ ವಸ್ತು, ಅವರಿಬ್ಬರೂ ನಕ್ಷತ್ರ ಎನ್ನುತ್ತಿದ್ದದ್ದು, ಎಷ್ಟು ಹೊತ್ತಾದರೂ ಶಾಂತವಾಗಿತ್ತು. ಮುಂದಿನ ವರ್ಷ ದೊಡ್ಡ ಪತ್ರಿಕೆಯಲ್ಲಿ ಲೇಖನ ಬಂತು: ಇಂಥ ವಸ್ತುಗಳು ಜೋರಾಗಿ ತಿರುಗಿಯೂ ಸ್ಥಿರವಾಗಿರಬಲ್ಲವು, ಕಪ್ಪುರಂಧ್ರಗಳ ಜಾಗದಲ್ಲಿ ಇವೇ ಇರಬಹುದು. ಕೊನೆಯಲ್ಲಿ ಸಹಾಯಕ್ಕಾಗಿ ಅಯ್ಯಣ್ಣನವರಿಗೆ ಒಂದು ಸಾಲಿನ ಕೃತಜ್ಞತೆ. ಆ ಪುಟವನ್ನು ಅವರು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಹಂಸಿನಿಗೆ ಡಾಕ್ಟರೇಟ್ ಬಂತು. ಮೂರು ನಾಲ್ಕು ವರ್ಷ ಅಲ್ಲಿ ಇಲ್ಲಿ ತಾತ್ಕಾಲಿಕ ಕೆಲಸ ಮಾಡಿ, ಗ್ರೇಟರ್ ನೋಯ್ಡಾದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿಯಾದಳು. ಅಷ್ಟರಲ್ಲಿ ಅಯ್ಯಣ್ಣ ನಿವೃತ್ತರಾಗಿದ್ದರು.

ಮುಂದಿನದು ನಡೆದದ್ದು ನಮ್ಮ ಕೂಟದ ರಾಜ್ಯೋತ್ಸವದಲ್ಲಿ, ಎರಡು ಸಾವಿರದ ಇಪ್ಪತ್ತಮೂರರ ನವೆಂಬರಿನಲ್ಲಿ. ಓದುವವರಲ್ಲಿ ಹಲವರಿಗೆ ನೆನಪಿರಬಹುದು. ಆ ವರ್ಷ ಸಿಕ್ಕ ಸಭಾಂಗಣದ ಹಿಂದಿನ ಗೋಡೆಗೆ ಪೂರ್ತಿ ಟೈಲ್ಸ್ ಹಾಕಿದ್ದರು. ಮೈಕು ಹಚ್ಚಿದರೆ ಕುಂಯ್ಯೆಂದು ಕೂಗು. ಅಯ್ಯಣ್ಣ ಅದು ಇದು ತಿರುಗಿಸಿ ನೋಡಿದರು, ನಿಲ್ಲಲಿಲ್ಲ. ಕೊನೆಗೆ ಸನ್ಮಾನಕ್ಕೆಂದು ತಟ್ಟೆಯಲ್ಲಿಟ್ಟಿದ್ದ ಶಾಲುಗಳನ್ನೆತ್ತಿ ಒಂದೊಂದನ್ನೇ ಆ ಗೋಡೆಗೆ ಇಳಿಬಿಟ್ಟರು.

"ಅಯ್ಯಣ್ಣ! ಶಾಲು ಮುಖ್ಯ ಅತಿಥಿಗೆ! ಗೋಡೆಗಲ್ಲ!" ಎಂದು ಗುಂಡಣ್ಣ ವೇದಿಕೆಯಿಂದ ಕೂಗಿದರು.

ಮೂರನೇ ಶಾಲಿಗೆ ಮೈಕು ಸುಮ್ಮನಾಯಿತು. ಜನ ಚಪ್ಪಾಳೆ ತಟ್ಟಿದರು. ಅಯ್ಯಣ್ಣ ನಾಲ್ಕನೇ ಶಾಲನ್ನು ಕೈಯಲ್ಲಿ ಹಿಡಿದು ಗೋಡೆಯನ್ನೇ ನೋಡುತ್ತ ನಿಂತುಬಿಟ್ಟರು. ನಾಡಗೀತೆ ಮುಗಿದರೂ ಅಲ್ಲೇ ಇದ್ದರು. ನಾನು ಹೋಗಿ ಭುಜ ಮುಟ್ಟಿದೆ.

"ಶೆಟ್ರೇ, ನಾನು ಆ ಹುಡುಗಿಯ ನಕ್ಷತ್ರಕ್ಕೆ ಶಾಲು ಹೊದೆಸಿದ್ದೆ" ಎಂದರು.

ನನಗೆ ಅರ್ಥವಾಗಲಿಲ್ಲ. ಆ ಸಂಜೆ ಹೋಟೆಲಿನಲ್ಲಿ ಕೂರಿಸಿ ಹೇಳಿದರು. ಗೋಡೆಯ ಹತ್ತಿರ ತಾವು ಹಾಕಿದ ಫಿಲ್ಟರ್, ಕೊಳಕನ್ನು ಅಳಿಸುವಾಗ ನಿಜವಾದ ಅಲೆಯನ್ನೂ ಒಂದಿಷ್ಟು ನುಂಗುತ್ತಿತ್ತು. ಅವಳ ಲೆಕ್ಕದ ಅಲೆಗಾದರೆ, ತಾಗಿದಾಗೊಮ್ಮೆ ಇನ್ನೂರರಲ್ಲಿ ಒಂದು ಪಾಲು ನುಂಗಿದರೂ ಕೂಗು ಅಡಗಿಬಿಡುತ್ತದೆ. ಅಂದರೆ ಆ ನಕ್ಷತ್ರ ಸ್ಥಿರವಾಗಿದ್ದದ್ದು ತನ್ನ ಗುಣದಿಂದಲ್ಲ, ಇವರ ಶಾಲಿನಿಂದ. ಮೊದಲು ಸಿಡಿಯುತ್ತಿದ್ದದ್ದು ಲೆಕ್ಕ ಎಂದುಕೊಂಡಿದ್ದರು. ಸಿಡಿಯುತ್ತಿದ್ದದ್ದು ನಕ್ಷತ್ರವೇ ಇರಬೇಕು.

"ರೇಡಾರಿನವನ ಬುದ್ಧಿ" ಎಂದರು. "ಕೂಗು ಕೇಳಿದರೆ ಅಳಿಸಬೇಕು ಅಂತಲೇ ಕಲಿತಿದ್ದೆ. ಅದು ಏನು ಹೇಳ್ತಿದೆ ಅಂತ ಕೇಳಲಿಲ್ಲ."

ಮರುದಿನವೇ ಹಂಸಿನಿಗೆ ಫೋನು ಮಾಡಿದರು. ಅವಳು "ಅಚ್ಛಾ, ನೋಡ್ತೀನಿ ಅಂಕಲ್" ಎಂದಳು. ತಿಂಗಳು ಬಿಟ್ಟು ಮಾಡಿದರು. ನೋಡುತ್ತಿದ್ದೇನೆ ಎಂದಳು. ಆಮೇಲೆ ಭಾನುವಾರಗಳಲ್ಲಿ ಅವಳು ಬರುವುದು ನಿಂತಿತು. ಮಾಚಮ್ಮ ಅಕ್ಕಿ ಹಿಟ್ಟು ಕಲಸಿ ಎರಡು ಸಲ ಕಾದರು. ಮೂರನೇ ಸಲ ಕಲಸಲಿಲ್ಲ.

ಅಷ್ಟರಲ್ಲಿ ಹೊರದೇಶದ ಕೆಲವರು ಅದೇ ಲೆಕ್ಕ ಮಾಡಿ, ನಮಗೆ ಸ್ಥಿರ ಎಂದು ಬರುತ್ತಿಲ್ಲ, ನಿಮ್ಮ ಪ್ರೋಗ್ರಾಮ್ ತೋರಿಸಿ ಎಂದು ಬರೆದರಂತೆ. ಕಳೆದ ಅಕ್ಟೋಬರಿನಲ್ಲಿ ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ಜೊತೆಗೆ ವಿಭಾಗದಿಂದ ಅಯ್ಯಣ್ಣನವರ ಮನೆಗೊಂದು ಕಾಗದ. ಎರಡರಲ್ಲೂ ಇದ್ದ ವಾಕ್ಯ ಒಂದೇ: ಲೇಖಕರ ಅರಿವಿಲ್ಲದೆ ತಾಂತ್ರಿಕ ಸಿಬ್ಬಂದಿಯೊಬ್ಬರು ಪ್ರೋಗ್ರಾಮಿನಲ್ಲಿ ಮಾಡಿದ ಬದಲಾವಣೆಯಿಂದ ಫಲಿತಾಂಶ ತಪ್ಪಾಗಿದೆ, ಅದನ್ನು ಹಿಂದಕ್ಕೆ ಪಡೆಯಲಾಗಿದೆ. ಕಾಗದದಲ್ಲಿ ಅವರ ಹೆಸರಿತ್ತು. ಹದಿನೈದು ದಿನದಲ್ಲಿ ವಿವರಣೆ ಕೊಡಿ ಎಂದಿತ್ತು. ಹಾಗೆಂದು ವಿಭಾಗಕ್ಕೆ ಬರೆದುಕೊಟ್ಟವಳು ಹಂಸಿನಿ.

ಆ ಕಾಗದವನ್ನು ಅವರು ನನ್ನ ಗಲ್ಲೆಯ ಮುಂದೆ ನಿಂತೇ ಓದಿದರು. ತಪ್ಪು ತಮ್ಮದು ಎಂಬುದಕ್ಕೆ ಅವರ ತಕರಾರಿರಲಿಲ್ಲ; ಅದನ್ನು ಮೊದಲು ಕಂಡುಹಿಡಿದು ಹೇಳಿದವರೇ ಅವರು. ಅವರ ಬೆರಳು ನಿಂತದ್ದು ಒಂದು ಪದದ ಮೇಲೆ.

"ಅರಿವಿಲ್ಲದೆ. ನಾನು ಕೇಳದೆ ಯಂತ್ರ ಮುಟ್ಟಿದೆನಂತೆ ಶೆಟ್ರೇ. ನಲವತ್ತು ವರ್ಷದಲ್ಲಿ ಒಂದು ಸ್ಕ್ರೂ ಯಾರಿಗೂ ಹೇಳದೆ ತಿರುಗಿಸಿದವನಲ್ಲ ನಾನು."

"ನಾನಿದ್ದೆನಲ್ಲ! ಅವಳು ಅತ್ತು ಕೇಳಿದ್ದು ಇದೇ ಮೇಜಿನಲ್ಲಿ. ನಾನು ಬಂದು ಹೇಳ್ತೇನೆ."

"ಏನಂತ? ಕಾಫಿ ತಂದಿಡುವಾಗ ಕೇಳಿಸಿತು ಅಂತಲಾ?" ಎಂದು ಸ್ವಲ್ಪ ನಕ್ಕರು.

ನಾನು ಸುಮ್ಮನಿರಲಿಲ್ಲ. ಮುಂದಿನ ವಾರ, ಅವರಿಗೆ ತಿಳಿಸದೆ, ಮೆಟ್ರೋ ಹಿಡಿದು, ನೋಯ್ಡಾದಲ್ಲಿ ಇಳಿದು ಇನ್ನೊಂದು ಮೆಟ್ರೋ ಹತ್ತಿ, ಎರಡು ಗಂಟೆ ಪ್ರಯಾಣ ಮಾಡಿ ಅವಳ ವಿಶ್ವವಿದ್ಯಾಲಯಕ್ಕೆ ಹೋದೆ. ಡಬ್ಬಿಯಲ್ಲಿ ಬನ್ಸ್ ಇತ್ತು. ಯಾಕೆ ಒಯ್ದೆನೋ. ಅವಳು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಸುತ್ತ ನೋಡಿ, ಮೂಲೆಯಲ್ಲಿ ಕೂತಳು.

"ನೀನು ಕೇಳಿದ್ದು ನಿನಗೆ ನೆನಪಿಲ್ವಾ ಮಗಾ?"

"ಅಂಕಲ್, ಸಮಝಿಯೇ ನಾ, ಅರ್ಥ ಮಾಡ್ಕೊಳ್ಳಿ. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೀನಿ. ನನ್ನ ಗೈಡ್ ಸರ್ ಕೇಳಿದ್ರು, ನಿನಗೆ ಗೊತ್ತಿತ್ತಾ ಅಂತ. ನಾನು ಸರ್‌ಗೆ ಆವತ್ತು ಹೇಳಿರಲಿಲ್ಲ. ಈಗ ಹೂಂ ಅಂದ್ರೆ ನನ್ನ ಕೆಲಸ ಹೋಗುತ್ತೆ, ಡಿಗ್ರಿನೂ ಹೋಗಬಹುದು. ಅಂಕಲ್ ರಿಟೈರ್ ಆಗಿದ್ದಾರೆ. ಉನ್ಕೋ ಕ್ಯಾ ಫರಕ್ ಪಡ್ತಾ ಹೈ?"

ಅವರಿಗೇನು ವ್ಯತ್ಯಾಸ. ನನ್ನ ಹೋಟೆಲಿನಲ್ಲಿ ಬೆಳೆದ ಮಗು ಈ ಮಾತು ಹೇಳಿತು. ನಾನು ಎದ್ದೆ. ಆಗ ಅವಳು ನನ್ನ ತೋಳು ಹಿಡಿದು, ತೀರಾ ಮೆಲ್ಲಗೆ ಕೇಳಿದಳು:

"ಅಂಕಲ್... ಅವರ ಆ ರಿಜಿಸ್ಟರ್, ಇದೆಯಾ ಇನ್ನೂ?"

ಅಲ್ಲಿಯವರೆಗೆ ನನಗೆ ರಿಜಿಸ್ಟರಿನ ನೆನಪೇ ಬಂದಿರಲಿಲ್ಲ. ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. ಅಯ್ಯಣ್ಣ ಫಿಲ್ಟರ್ ಹಾಕಿದ ದಿನ ಬರೆದಿರದೆ ಇರುತ್ತಾರೆಯೇ? ತಿರುಗಿಸಿ ಪೆನ್ನು ಇಡದೆ ಬಿಟ್ಟಿರುತ್ತಾರೆಯೇ? ಇವಳು ಸಹಿ ಹಾಕಿದ್ದಾಳೆ.

ಬನ್ಸಿನ ಡಬ್ಬಿಯನ್ನು ವಾಪಸು ತಂದೆ. ನೇರ ಅವರ ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ಆ ವರ್ಷದ ರಿಜಿಸ್ಟರ್ ಎಲ್ಲಿದೆ?"

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಇಲ್ಲ ಶೆಟ್ರೇ. ರಿಟೈರ್ ಆಗುವಾಗ ಎಲ್ಲ ಆಫೀಸಿಗೆ ಒಪ್ಪಿಸಿದೆ."

"ಆಫೀಸಿನಿಂದ ತರಿಸೋಣ."

"ಹಳೇ ಕಾಗದ, ರದ್ದಿಗೆ ಹೋಗಿರುತ್ತೆ. ಬಿಡಿ."

ನಂಬಿದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ನನಗೆ ಸುಳ್ಳು ಹೇಳಿರಲಿಲ್ಲ, ನಂಬದೆ ಇರಲು ಕಾರಣವಿರಲಿಲ್ಲ. ವಿಭಾಗಕ್ಕೆ ಅವರು ಎರಡು ಸಾಲಿನ ಉತ್ತರ ಕಳಿಸಿದರು: ಬದಲಾವಣೆ ಮಾಡಿದ್ದು ನಾನು. ಅರಿವಿಲ್ಲದೆ ಎಂಬುದು ನಿಜವಲ್ಲ. ಅಷ್ಟೇ. ಆ ಕಡೆಯಿಂದ ಮತ್ತೇನೂ ಬರಲಿಲ್ಲ. ಕೂಟದಲ್ಲಿ ಮಾತ್ರ ಯಾರೋ, ಅಯ್ಯಣ್ಣ ಯೂನಿವರ್ಸಿಟಿಯಲ್ಲಿ ಏನೋ ಹಾಳು ಮಾಡಿದರಂತೆ ಎಂದು ಆಡಿಕೊಂಡರು. ಈ ವರ್ಷದ ಸಂಕ್ರಾಂತಿಗೆ ಮೈಕ್‌ಸೆಟ್ಟಿನವನನ್ನು ಹೊರಗಿನಿಂದ ಕರೆಸಿದರು. ಯಾರೆಂದು ಬರೆಯುವುದಿಲ್ಲ, ಓದಿದವರಿಗೆ ತಿಳಿಯುತ್ತದೆ.

ಅವರು ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತರು. ತಿದ್ದುಪಡಿಯಲ್ಲಿ ಫಲಿತಾಂಶ ಹಿಂದಕ್ಕೆ ಪಡೆದಿದ್ದೇವೆ ಎಂದಿತ್ತೇ ಹೊರತು ನಕ್ಷತ್ರ ನಿಜವಾಗಿ ಏನು ಮಾಡುತ್ತದೆ ಎಂದು ಹೇಳಿರಲಿಲ್ಲ. "ತಪ್ಪು ಮಾಡಿದವನೇ ಕೆಲಸ ಮುಗಿಸಬೇಕು" ಎಂದರು. ಫಿಲ್ಟರ್ ತೆಗೆದು ಅದೇ ಲೆಕ್ಕವನ್ನು ಮೂರು ಸಲ ಓಡಿಸುವುದು. ಲೆಕ್ಕಕ್ಕೆಂದು ಜಾಗವನ್ನು ಚೌಕ ಚೌಕವಾಗಿ ಬಲೆಯ ಹಾಗೆ ಸೀಳಿರುತ್ತಾರಂತೆ; ಒಂದೊಂದು ಸಲಕ್ಕೂ ಆ ಬಲೆಯ ಕಣ್ಣು ಇನ್ನಷ್ಟು ಸಣ್ಣದು. ಕೂಗು ಯಂತ್ರದ ದೋಷವಾಗಿದ್ದರೆ ಬಲೆ ಬದಲಾದ ಹಾಗೆ ಅದೂ ಬದಲಾಗಬೇಕು. ಮೂರರಲ್ಲೂ ಒಂದೇ ವೇಗದಲ್ಲಿ ಬೆಳೆದರೆ ಅದು ನಕ್ಷತ್ರದ್ದೇ ಕೂಗು.

ಮೊದಲ ಎರಡೂ ಒಂದೇ ಬಂದವು. ಮೂರನೆಯದು, ಎಲ್ಲಕ್ಕಿಂತ ಸಣ್ಣ ಕಣ್ಣಿನದು, ಜನವರಿ ಇಪ್ಪತ್ತೊಂಬತ್ತಕ್ಕೆ ಶುರುವಾಯಿತು. ನಲವತ್ತೊಂದು ದಿನ ಬೇಕಿತ್ತು. ಮನೆಯ ಇನ್ವರ್ಟರ್ ಅದಕ್ಕೇ ಮೀಸಲಾಯಿತು. "ಕರೆಂಟ್ ಹೋದರೆ ನನಗೆ ಲೈಟಿಲ್ಲ, ಆ ಡಬ್ಬಕ್ಕೆ ಉಂಟು. ನಲವತ್ತು ದಿನ ಬಾಣಂತನ ಮಾಡ್ತಿದ್ದೇವೆ" ಎಂದು ಮಾಚಮ್ಮ ನನ್ನ ಹತ್ತಿರ ದೂರಿದರು.

ಮಾರ್ಚ್ ಒಂಬತ್ತರ ಭಾನುವಾರ ನನ್ನ ಹೋಟೆಲಿನಿಂದಲೇ ಹಂಸಿನಿಗೆ ಫೋನು ಮಾಡಿದರು. ನಾನು ಬೇಡ ಎಂದೆ. ಅವರು ಕೇಳಲಿಲ್ಲ.

"ಮಗಾ, ಮಂಗಳವಾರ ಬೆಳಿಗ್ಗೆ ಮುಗಿಯುತ್ತೆ. ಹತ್ತು ಗಂಟೆಗೆ ಬಾ. ಬೇರೆ ಏನೂ ಬೇಡ, ಬಂದು ನೋಡು. ನಿನ್ನ ನಕ್ಷತ್ರ ತಾನೇ."

ಆ ಕಡೆಯಿಂದ ಏನೋ ಹೇಳಿದಳು. ಇವರ ಮುಖ ಅರಳಿತು. ಫೋನಿಟ್ಟು "ಬರ್ತಾಳಂತೆ" ಎಂದರು.

"ಬರುವುದಿಲ್ಲ" ಎಂದೆ ನಾನು.

"ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಶೆಟ್ರೇ, ಬರೀ ಮೆಂತ್ಯ" ಎಂದು ಎದ್ದು ಹೋದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಮಾಚಮ್ಮ ನನ್ನನ್ನು ಅವರ ಕೋಣೆಗೆ ಕರೆದರು. "ಅವರು ಹೇಗಿಟ್ಟಿದ್ದರೋ ಹಾಗೇ ಇಟ್ಟಿದ್ದೇನೆ. ನಿಮಗೆ ತೋರಿಸಬೇಕು ಅಂತ ಅನ್ನಿಸಿತು."

ಮೇಜಿನ ಮೇಲೆ ಆ ವರ್ಷದ ರಿಜಿಸ್ಟರೇ ಇತ್ತು. ಆಫೀಸಿಗೆ ಒಪ್ಪಿಸಿದೆ, ರದ್ದಿಗೆ ಹೋಗಿರುತ್ತೆ ಎಂದದ್ದು. ಹಿಂದಿನ ಪುಟಗಳನ್ನು ತಿರುವಿದೆ. ಎರಡು ಸಾವಿರದ ಹದಿನಾರು, ಆಗಸ್ಟ್ ಹದಿನೆಂಟು, ಬೆಳಿಗ್ಗೆ ಹನ್ನೊಂದು ಗಂಟೆ. ಗೋಡೆಯ ಬಳಿ ಫಿಲ್ಟರ್ ಅಳವಡಿಸಿದೆ, ಹಂಸಿನಿಯವರ ಕೋರಿಕೆಯಂತೆ. ಮಾಡಿದವರು, ಅಯ್ಯಣ್ಣ. ಪರಿಶೀಲಿಸಿದವರು, ಹಂಸಿನಿ. ದುಂಡಗಿನ ಅಕ್ಷರ, ಕೆಳಗೊಂದು ಗೆರೆ. ಐದು ತಿಂಗಳು ಇದು ಬೀರುವಿನಲ್ಲಿ ಸೀರೆಗಳ ಕೆಳಗೆ ಇತ್ತಂತೆ. ಜನ ಆಡಿಕೊಂಡಾಗ ಇತ್ತು, ಮೈಕ್‌ಸೆಟ್ಟಿಗೆ ಬೇರೆಯವನನ್ನು ಕರೆಸಿದಾಗ ಇತ್ತು, ನಾನು ಚಪ್ಪಲಿಯಲ್ಲೇ ನಿಂತು ಕೇಳಿದಾಗಲೂ ಹತ್ತು ಅಡಿ ದೂರದಲ್ಲಿ ಇತ್ತು.

"ನಿಮಗೆ ಗೊತ್ತಿತ್ತಾ?" ಎಂದು ಮಾಚಮ್ಮನನ್ನು ಕೇಳಿದೆ.

"ಗೊತ್ತಿತ್ತು. ಶೆಟ್ರಿಗೆ ಹೇಳಬೇಡ, ಅವರು ತಕ್ಷಣ ಒಯ್ದು ಕೊಟ್ಟುಬಿಡ್ತಾರೆ ಅಂದಿದ್ದರು. ಅವಳೇ ಬಂದು ಹೇಳಲಿ ಅಂತ ಕಾದರು."

ಹಂಸಿನಿಯ ಮೇಲಿನ ಸಿಟ್ಟು ನನಗೆ ಮೊದಲಿನಿಂದಲೂ ಇತ್ತು. ಅವರ ಮೇಲೆ ಸಿಟ್ಟು ಬಂದದ್ದು ಆಗ. ನನ್ನನ್ನು ಕೋಣೆಯ ಹೊರಗೇ ನಿಲ್ಲಿಸಿ ಗಂಡ ಹೆಂಡತಿ ಇಬ್ಬರೇ ಏನೋ ತೀರ್ಮಾನಿಸಿಕೊಂಡ ಹಾಗೆ. ಒಬ್ಬನೇ ಇಟ್ಟುಕೊಂಡರೆ ಗುಟ್ಟು ಎಂದು ನನಗೆ ಕಲಿಸಿದವರೇ ಅವರು. ಅವಳ ಕೆಲಸ ಉಳಿಸಲು ನನಗೆ ಸುಳ್ಳು ಹೇಳಿದರು. ಇದನ್ನು ಅವರ ಜೊತೆ ಜಗಳವಾಡಿ ತೀರಿಸಿಕೊಳ್ಳಲೂ ಇನ್ನು ಆಗದು.

ರಿ‌ಜಿಸ್ಟರ್ ಈಗ ನನ್ನ ಬಳಿ ಇದೆ. ವಿಭಾಗಕ್ಕೆ ಅದರ ಎರಡು ಪುಟಗಳ ನಕಲು ಕಳಿಸಿದ್ದೇನೆ. ಮಾಚಮ್ಮ ಬೇಡವೆನ್ನಲಿಲ್ಲ, ಸರಿ ಎನ್ನಲೂ ಇಲ್ಲ.

ಎರಡನೆಯ ಪುಟದ ವಿಷಯ ಹೇಳಿ ಮುಗಿಸುತ್ತೇನೆ. ಮಾಚಮ್ಮ ಹೇಳಿದ್ದು, ಫೋನಿನಲ್ಲಿದ್ದದ್ದು, ರಿಜಿಸ್ಟರಿನಲ್ಲಿ ಬರೆದದ್ದು, ಇಷ್ಟರಿಂದ ಆ ಬೆಳಿಗ್ಗೆ ತಿಳಿಯುತ್ತದೆ. ಏಳಕ್ಕೆ ಎದ್ದು ಬೆಲ್ಲದ ಕಾಫಿ ಕುಡಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಊಟದ ಕೋಣೆಯಿಂದ ಒಂದು ಕುರ್ಚಿ ತಂದು ಮೇಜಿನ ಆಚೆ ಬದಿಗೆ ಹಾಕಿದರು. ಅಕ್ಕಿ ಹಿಟ್ಟು ಕಲಸು ಎಂದರು. ಬೆಣ್ಣೆ ತರಲು ಮಾಚಮ್ಮ ಹತ್ತು ಗಂಟೆಗೆ ಮದರ್ ಡೈರಿಯ ಹಾಲಿನ ಬೂತಿಗೆ ಹೊರಟರು. ಅದಕ್ಕೆ ಮೊದಲೇ, ಒಂಬತ್ತು ನಲವತ್ತೆರಡಕ್ಕೆ ಹಂಸಿನಿಯ ಸಂದೇಶ ಬಂದಿತ್ತು: ಸಾರಿ ಅಂಕಲ್, ಇವತ್ತು ಆಗಲ್ಲ, ಮೀಟಿಂಗ್ ಇದೆ. ಅದನ್ನು ಅವರು ಓದಿದ್ದಾರೆ. ಎರಡು ನೀಲಿ ಗೆರೆಗಳಿವೆ. ಬೆಣ್ಣೆ ಬೇಡ ಎಂದು ಮಾಚಮ್ಮನಿಗೆ ಹೇಳಲಿಲ್ಲ.

ಹತ್ತು ಗಂಟೆ ಹದಿನೈದಕ್ಕೆ ಲೆಕ್ಕ ಮುಗಿದಿದೆ. ಹತ್ತು ಇಪ್ಪತ್ತಕ್ಕೆ ರಿಜಿಸ್ಟರಿನಲ್ಲಿ, ನೆಟ್ಟಗಿನ ಅಕ್ಷರದಲ್ಲಿ ಬರೆದರು: ಫಿಲ್ಟರ್ ತೆಗೆದಿದೆ. ಮೂರು ಬಲೆಯಲ್ಲೂ ಒಂದೇ ವೇಗ. ನಕ್ಷತ್ರ ಸ್ಥಿರವಲ್ಲ. ಮಾಡಿದವರು ಎಂಬಲ್ಲಿ ಸಹಿ ಹಾಕಿದರು. ಆಮೇಲೆ ರಿಜಿಸ್ಟರನ್ನು ಎದುರಿನ ಖಾಲಿ ಕುರ್ಚಿಯ ಕಡೆಗೆ ತಿರುಗಿಸಿ, ಅದರ ಮೇಲೆ ಪೆನ್ನು ಅಡ್ಡ ಇಟ್ಟರು.